ಎರಡು ಸ್ಟೆಂಟ್, ನಾಲ್ಕು ಎಕರೆ ದ್ರಾಕ್ಷಿ: ಇಟ್ಟುಕೊಳ್ಳಲೋ, ಲಾವಣಿಗೆ (ಗುತ್ತಿಗೆಗೆ) ಕೊಡಲೋ?

ತಿಕೋಟಾ ರೈತ:
ನನಗೆ 48 ವರ್ಷ. ತಿಕೋಟಾ ಹತ್ತಿರ ನಾಲ್ಕು ಎಕರೆ ಥಾಮ್ಸನ್ ದ್ರಾಕ್ಷಿ ಇದೆ, ಅದರಲ್ಲಿ ಎರಡು ಎಕರೆ ಹಳೆಯದು, ಎಲ್ಲವೂ ಒಣದ್ರಾಕ್ಷಿಗೇ. ನವೆಂಬರ್‌ನಲ್ಲಿ ಮೋಡ ಕವಿದ ಒಂದು ಬೆಳಿಗ್ಗೆ, ಬಳ್ಳಿಗೆ ಬರುವ ದಾವಣಿ ರೋಗದ ಭಯಕ್ಕೆ, ಸಿಂಪಡಿಸುವ ಬ್ಲೋವರ್‌ಗೆ ಔಷಧಿ ಕಲಸುತ್ತಿದ್ದಾಗ ಎದೆ ಹಿಂಡಿದಂತಾಯಿತು. ರಾತ್ರಿ ತಿಂದ ಮಿರ್ಚಿಭಜಿಯ ಪ್ರತಾಪ ಎಂದುಕೊಂಡು ಲಿಂಬೆ ಸೋಡಾ ಕುಡಿದೆ. ದವಡೆ ನೋಯತೊಡಗಿತು, ಅಂಗಿ ಬೆವರಿನಿಂದ ತೊಯ್ದು ಹೋಯಿತು. ಆದರೂ ಒಂದು ಟ್ಯಾಂಕ್ ಹೊಡೆದು ಮುಗಿಸಿದೆ. ಆಮೇಲೆ ವಿಜಯಪುರದವರೆಗೆ ನಾನೇ ಬೈಕ್ ಓಡಿಸಿಕೊಂಡು ಹೋದೆ. ಇದನ್ನು ಪರಾಕ್ರಮವೆಂದು ಹೇಳುತ್ತಿಲ್ಲ, ಶುದ್ಧ ದಡ್ಡತನ. ಇಸಿಜಿ ತೆಗೆಯುವಾಗ ನರ್ಸ್ ನನ್ನ ಜೇಬಿನಿಂದ ಚಾಟ್ನಿ (ಬಳ್ಳಿ ಸವರುವ) ಕತ್ತರಿ ತೆಗೆದು ಟ್ರೇಯಲ್ಲಿ ಇಟ್ಟದ್ದಷ್ಟೇ ಸರಿಯಾಗಿ ನೆನಪಿದೆ.

ಹೃದಯಾಘಾತವಾಗಿತ್ತು, ರಕ್ತನಾಳ ತೆರೆದಿಡುವ ಎರಡು ಸ್ಟೆಂಟ್ ಹಾಕಿದರು. ಮರುದಿನ ಐಸಿಯುಗೆ ಬಂದ ಹೆಂಡತಿಯನ್ನು ನಾನು ಕೇಳಿದ ಮೊದಲ ಮಾತು, "ಔಷಧಿ ಆಯಿತೇನು?"
"ಆಗಲೇ ಕೊಟ್ಟರಂತಲ್ಲ," ಎಂದಳು.
"ನನಗಲ್ಲ, ತೋಟಕ್ಕೆ."
ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಮೂರು ತಿಂಗಳಾದರೂ ಆ ಬೆನ್ನು ಕಣ್ಣಿಂದ ಹೋಗಿಲ್ಲ.

ಏಪ್ರಿಲ್ ಚಾಟ್ನಿಯೊಳಗೆ ತೀರ್ಮಾನವಾಗಬೇಕು. ಸೊಸೈಟಿ ಸಾಲ ಇದೆ. ಬೆಳಗಾವಿಯಲ್ಲಿ ಬಿ.ಕಾಂ. ಓದುವ ಮಗ ಕಾಲೇಜು ಬಿಟ್ಟು ಬರುತ್ತೇನೆ ಎನ್ನುತ್ತಾನೆ, ಅದು ನನಗೆ ಬೇಡ. ಎರಡು ಎಕರೆ ಲಾವಣಿಗೆ ಕೊಡಲೇ? ಪೂರ್ತಿ ಕಿತ್ತು ಲಿಂಬೆ ಹಚ್ಚಲೇ?

ಬಬಲೇಶ್ವರದವ:
ಅಣ್ಣಾ, ದ್ರಾಕ್ಷಿಯನ್ನು ಒಂದು ವರ್ಷದ ಲಾವಣಿಗೆ ಕೊಡಬೇಡ. ಒಂದೇ ವರ್ಷ ಕೈಯಲ್ಲಿರುವ ತೋಟಕ್ಕೆ ಲಾವಣಿ ಹಿಡಿದವನು ಹೆಚ್ಚಿನ ಗೊನೆ ತೆಗೆಯದೆ ಬಳ್ಳಿಯ ಮೇಲೆ ಹೊರೆ ಬಿಡುತ್ತಾನೆ. ಮುಂದಿನ ವರ್ಷ ಬಡಕಲು ಬಳ್ಳಿ ನಿನ್ನ ಪಾಲಿಗೆ. ನಾನು ಕೊಟ್ಟು ಕೆಟ್ಟಿದ್ದೇನೆ. ಲಿಂಬೆ ಹಚ್ಚಿದರೆ ಕೈಗೆ ಕಾಸು ಬರಲು ನಾಲ್ಕೈದು ವರ್ಷ ಬೇಕು, ಸೊಸೈಟಿಯವರು ಅಲ್ಲಿಯವರೆಗೆ ಕಾಯುತ್ತಾರೆಯೇ? ಹಳೆಯ ಎರಡು ಎಕರೆ ಕಿತ್ತು ಜೋಳ ಹಾಕು, ಉಳಿದದ್ದಕ್ಕೆ ಖಾಯಂ ಆಳು ಇಡು.

ನಿವೃತ್ತ ನರ್ಸ್, ಬಾಗಲಕೋಟೆ:
ತೋಟದ ವಿಷಯ ನನಗೆ ತಿಳಿಯದು. ಗುಳಿಗೆಯ ವಿಷಯ ಹೇಳುತ್ತೇನೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಆರಾಮವಾಯಿತೆಂದು ಬಿಟ್ಟವರ ಸ್ಟೆಂಟ್ ಮತ್ತೆ ಕಟ್ಟಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಲ್ಲು ಕೀಳಿಸಬೇಕಾದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ತಂಬಾಕು ಇದ್ದರೆ ಇಂದೇ ಬಿಡಿ. ಇನ್ನೊಮ್ಮೆ ಎದೆ ಹಿಡಿದರೆ ಸೋಡಾ ಅಲ್ಲ, 108. ಬೈಕ್ ಮುಟ್ಟಿದರೆ ನಿಮ್ಮ ಹೆಂಡತಿಗೆ ನಾನೇ ದೂರು ಕೊಡುತ್ತೇನೆ.

ಜಮಖಂಡಿ ಅಕ್ಕ:
ಅಣ್ಣಾವರೇ, ಬೈಪಾಸ್ ಆದ ಮೇಲೆ ನಮ್ಮ ಯಜಮಾನರು ಕಿರಾಣಿ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತರು. ಆರು ತಿಂಗಳು ನನ್ನ ಒಗ್ಗರಣೆಯ ಸಾಸಿವೆ ಎಣಿಸಿದರು! ಕೊನೆಗೆ ನಾನೇ ಬೀಗದ ಕೈ ಕೊಟ್ಟು, ಬೆಳಿಗ್ಗೆ ಎರಡು ತಾಸು ತೆರೆಯಿರಿ ಎಂದೆ. ಪೂರ್ತಿ ಬಿಡುವ ಮಾತು ಬೇಡ. ಇನ್ನೊಂದು, ಸೊಸೈಟಿ, ಮಗ, ಲಿಂಬೆ ಎಲ್ಲ ಬರೆದಿದ್ದೀರಿ. ನಿಮ್ಮ ಮನೆಯವರು, ವೈನಿಯವರು ಏನೆನ್ನುತ್ತಾರೆ?

ತಿಕೋಟಾ ರೈತ:
ಅಕ್ಕಾ, ಕೇಳಿರಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ನಿಮ್ಮ ದ್ರಾಕ್ಷಿಯದು ಆಮೇಲೆ ನೋಡೋಣ. ಮೊದಲು ನನ್ನ ಎರಡು ಎಮ್ಮೆ ಮಾರಿರಿ. ಇಪ್ಪತ್ತೆರಡು ವರ್ಷದಿಂದ ನಾಲ್ಕು ಗಂಟೆಗೆ ಏಳುತ್ತಿದ್ದೇನೆ, ನನಗೂ ಸೊಂಟವಿದೆ."

ನನ್ನ ಲೆಕ್ಕದ ಹಾಳೆಯಲ್ಲಿ ಎಮ್ಮೆಗಳು ಆದಾಯದ ಕಡೆ ಇದ್ದವು, ಅವಳು ಯಾವ ಕಡೆಯೂ ಇರಲಿಲ್ಲ.

ಹಳೆಯ ಎರಡು ಎಕರೆ ಈ ಹಂಗಾಮು ಮುಗಿದ ಮೇಲೆ ಕೀಳಿಸುತ್ತೇನೆ. ಮಗನಿಗೆ ಪರೀಕ್ಷೆ ಮುಗಿಸಿಯೇ ಬಾ ಎಂದಿದ್ದೇನೆ. ಎಮ್ಮೆ ನೋಡಲು ಭಾನುವಾರ ಒಬ್ಬರು ಬರುತ್ತಾರೆ. ದರ ಅವಳೇ ಹೇಳುತ್ತಾಳಂತೆ, ನಾನು ಬಾಯಿ ಹಾಕುವಂತಿಲ್ಲ.