ಪುಟ್ಟಿ ಮತ್ತ ಪರೀಕ್ಷಾ ಬರೆಯೋ ವಿಚಾರ, ಕಾಕಾಗ

ಕಾಕಾ, ನಮಸ್ಕಾರ್ರೀ. ನೀವು ರಾತ್ರಿ ಗ್ರೂಪಿನ್ಯಾಗ ಹಾಕಿದ್ದ ವಾಯ್ಸ್ ಮೆಸೇಜು ಮುಂಜಾನಿ ಎದ್ದು ಕೇಳಿದೆ, ಮಾನ್ವಿ ಬಸ್ಸಿನ್ಯಾಗ ಕುಂತು ಇನ್ನೊಂದು ಸಲ ಕೇಳಿದೆ. ಟೈಪ್ ಮಾಡ್ಕೋತ ಕುಂತ್ರ ಮುಗಿಯಂಗಿಲ್ಲ, ಅದಕ್ಕ ಮಾತಾಡೇ ಕಳಸಾಕತ್ತೀನಿ. ಉದ್ದ ಆಗ್ತೈತಿ, ಊಟ ಆದ ಮ್ಯಾಲ ಕೇಳ್ರಿ. ದೊಡ್ಡಪ್ಪ, ಚಿಗವ್ವ, ನೀವೂ ಕೇಳ್ರಿ. ಪುಟ್ಟಿ, ನೀ ಮಾತ್ರ ಕೊನೀತನಕ ಕೇಳಬೇಕು ನೋಡವಾ.

ಕಾಕಾ, ನಿಮ್ಮ ಮಾತು ನನಗ ತಿಳದಿದ್ದು ಇಷ್ಟು. ಪುಟ್ಟಿ ಎಂಎಸ್ಸಿ ಕೆಮಿಸ್ಟ್ರಿಗೆ ಸೇರಿ, ಫೀಸು ಕಟ್ಟಿ, ಹಾಸ್ಟೆಲ್ಲಿಗೆ ಗಾದಿ ಒಯ್ದು ಹಾಕಿ ಇನ್ನಾ ಎರಡು ತಿಂಗಳಾಗಿಲ್ಲ. ಈಗ ಮತ್ತ ಜಾಮ್, ಅಂದ್ರ ಐಐಟಿಯಂಥಾ ಕಡೆ ಎಂಎಸ್ಸಿ ಸೀಟಿಗೆ ಬರಿಯೋ ಎಂಟ್ರನ್ಸ್, ಬರೀತೀನಿ, ಐಐಟಿಗೆ ಹಾಕ್ತೀನಿ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಗೂ ಹಾಕ್ತೀನಿ ಅಂತಾಳ. ಒಪ್ಪಿ ತಗೊಂಡ ಸೀಟು ಬಿಡೋದಂದ್ರ ಮಾತು ತಪ್ಪಿದಂಗ, ಕಟ್ಟಿದ ರೊಕ್ಕ ಹೋಗ್ತೈತಿ, ಆ ಸೀಟು ಇನ್ಯಾವದೋ ಬಡವರ ಮನಿ ಹುಡುಗಗ ಸಿಗ್ತಿತ್ತು, ಕಲಿಸೋ ಗುರುಗಳು ಏನಂದಾರು. ಎರಡು ದೋಣ್ಯಾಗ ಕಾಲಿಟ್ರ ನಡು ನೀರಾಗ ಬೀಳ್ತಾಳ ಅಂದ್ರಿ. ಇದರಾಗ ಒಂದು ಮಾತೂ ಹಗುರಂದಲ್ಲ ಕಾಕಾ. ಆದ್ರೂ ನಾ ಪುಟ್ಟಿ ಕಡೆ ನಿಂತೀನಿ. ಯಾಕಂತ ಹೇಳ್ತೀನಿ.

ನಾನೂ ಇದನ್ನ ಮಾಡೀನಿ. 2011ರಾಗ ನಾ ನಮ್ಮ ಕಡೀದೇ ಒಂದು ಯೂನಿವರ್ಸಿಟಿಗೆ ಸೇರಿದ್ದೆ, ಮರು ವರ್ಷ ಹೈದರಾಬಾದಿಗೆ ಹೋದೆ. "ಸೀಟು ಸಿಕ್ತು, ಹೋದಳು" ಅಂತಷ್ಟೇ ಮನ್ಯಾಗ ಎಲ್ಲಾರಿಗೂ ಗೊತ್ತು. ನಡುವ ಏನಾತು ಅನ್ನೋದು ಅಪ್ಪಗೂ ಪೂರ್ತಿ ಹೇಳಿಲ್ಲ.

ನಾ ಅರ್ಜಿ ಹಾಕಿದ್ದು ಯಾರಿಗೂ ಹೇಳಿರಲಿಲ್ಲ. ರೂಮಿನ ಗೆಳತಿಗೆ ಹೇಳಿಲ್ಲ, ಕಲಿಸೋ ಸರ್‌ಗಂತೂ ಕೇಳಬ್ಯಾಡ್ರಿ. ನಿಮ್ಮಂಗ ನನಗೂ ಅನಿಸಿತ್ತು, ಇದು ಮಾತು ತಪ್ಪೋ ಕೆಲಸ, ಕದ್ದು ಮಾಡಬೇಕು ಅಂತ. ಹೈದರಾಬಾದಿನವರದು ಅವಾಗ ಅವರದೇ ಎಂಟ್ರನ್ಸ್ ಇತ್ತು. ಬರದು ಬಂದೆ, ಪಟ್ಟಿನ್ಯಾಗ ಹೆಸರು ಬಂತು. ಇಂಥಾ ದಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ, ಯೂನಿವರ್ಸಿಟಿ ಬದಲಿಸಾಕ ಬೇಕಾಗೋ ಮೈಗ್ರೇಷನ್ ಪತ್ರ ತಗೊಂಡು ಬಂದು ಸೇರಬೇಕು ಅಂತ ಬರದಿದ್ರು. ನನ್ನ ಒರಿಜಿನಲ್ ಎಲ್ಲಾ ಇಲ್ಲಿ ಆಫೀಸಿನ ಬೀರುದಾಗ. ಕೇಳಾಕ ಹೋದ್ರ, ಎರಡನೇ ವರ್ಷದ ಫೀಸೂ ಕಟ್ಟು, ಬಾಕಿ ಏನೂ ಇಲ್ಲ ಅಂತ ನೋ ಡ್ಯೂ ಮಾಡಿಸ್ಕೊಂಡು ಬಾ, ಆಮ್ಯಾಗ ನೋಡೋಣು ಅಂದ್ರು. ಓದದೇ ಇರೋ ವರ್ಷಕ್ಕ ಫೀಸು! ಅಪ್ಪನ ಕಡೆ ಅವಾಗ ಎಲ್ಲಿತ್ತು ರೊಕ್ಕ, ಆ ವರ್ಷ ನೆಲ್ಲು ಮಾರಿದ್ದು ಗೊಬ್ಬರದಂಗಡಿ ಬಾಕಿಗೇ ಹೋಗಿತ್ತು.

ಮೂರು ದಿನ ಆ ಆಫೀಸಿನ ಪಡಸಾಲ್ಯಾಗ ಬೆಂಚಿನ ಮ್ಯಾಲ ಕುಂತೀನಿ ಕಾಕಾ. ಮಡಲಾಗ ಒಂದು ಪ್ಲಾಸ್ಟಿಕ್ ಕವರ್, ಅದರಾಗ ಅರ್ಜಿ, ಎರಡು ಫೋಟೊ, ಹೈದರಾಬಾದಿನ ಪಟ್ಟಿ ಪ್ರಿಂಟು. ಬೆವತ ಕೈಯಾಗ ಹಿಡದು ಹಿಡದು ಆ ಪ್ರಿಂಟಿನ ಮಡಿಕಿ ಹರದು ಹೋಗಿತ್ತು. ಮೂರನೇ ದಿನ ಮಧ್ಯಾಹ್ನ ನಮ್ಮ ಫಿಸಿಕಲ್ ಕೆಮಿಸ್ಟ್ರಿ ಸರ್ ಅದೇ ದಾರಿ ಹಿಡದು ಬಂದ್ರು. ನಾ ಕವರ್ ಬೆನ್ನ ಹಿಂದ ಮಾಡಿದೆ. ಅವರು ನಿಂತು, "ಏನವಾ, ನಿನ್ನೆನೂ ಇಲ್ಲೇ ಇದ್ದಿ" ಅಂದ್ರು. ಅಳು ಬಂತು, ಎಲ್ಲಾ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಪ್ರಿಂಟು ಇಸ್ಕೊಂಡು ನನ್ನ ಹೆಸರಿನ ಮ್ಯಾಲ ಬೆರಳಿಟ್ಟು ಓದಿದ್ರು. ಆಮ್ಯಾಗ, "ಎರಡು ಸೆಮಿಸ್ಟರ್ ನಿನಗ ಕಲಿಸೀನಿ. ಒಂದು ಮಾತು ಹೇಳಿದ್ರ ಬ್ಯಾಡ ಅಂತಿದ್ನೇನು? ಹಳೇ ಪೇಪರ್ ಕುಂತು ಬಿಡಿಸಿ ಕೊಡ್ತಿದ್ದೆ" ಅಂದ್ರು. ಒಳಗ ಹೋಗಿ ಬಾಗಲಾ ಮುಂದ ಮಾಡ್ಕೊಂಡ್ರು. ಏನು ಮಾತಾಡಿದ್ರೋ ಗೊತ್ತಿಲ್ಲ, ಐದು ಗಂಟೇಕ ನನ್ನ ಕೈಯಾಗ ಒರಿಜಿನಲ್ ಇದ್ವು. ಕ್ಲಾಸಿನ್ಯಾಗ ನನ್ನ ಎದುರಿಗೇ ನಿಂತು ದಿನಾ ಕಲಿಸಿದವರನ್ನ ನಾ ನಂಬಲಿಲ್ಲ. ಇವತ್ತಿಗೂ ನನ್ನ ಮನಸ್ಸಿನ್ಯಾಗ ಉಳದಿರೋದು ಆ ಆಫೀಸಿನವರ ಮ್ಯಾಲಿನ ಸಿಟ್ಟಲ್ಲ, ಇದು.

ಅದಕ್ಕ ಪುಟ್ಟಿ, ನಾಳೇನ ಹೋಗಿ ನಿಮ್ಮ ಹೆಚ್‌ಒಡಿಗೆ ಹೇಳು. "ಸರ್, ನಾ ಜಾಮ್ ಮತ್ತ ಬರೀತೀನಿ, ಸಿಕ್ರ ಹೋಗ್ತೀನಿ, ಸಿಗಲಿಲ್ಲಂದ್ರ ಇಲ್ಲೇ ಮುಗಿಸ್ತೀನಿ" ಅಂತ. ಅವರು ಬೈಬಹುದು. ಬೈಸ್ಕೋ. ಆದ್ರ ಕದ್ದು ಮಾಡಬ್ಯಾಡ. ಕಾಕಾ, ಮಾತು ತಪ್ಪೋದು ಅಂದ್ರಲ್ಲ, ಬಾಯಿ ಬಿಟ್ಟು ಹೇಳಿ ಹೋದ್ರ ಅದರಾಗ ತಪ್ಪೇನು ಐತ್ರಿ? ಮುಚ್ಚಿಟ್ಟು ಹೋಗಿ ನಾ ತಪ್ಪು ಮಾಡಿದೆ.

ಇನ್ನ ರೊಕ್ಕದ ಮಾತು. ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಯುಜಿಸಿ 2018ರಾಗ ಒಂದು ಆದೇಶ ಮಾಡೈತಿ. ಅಡ್ಮಿಷನ್ನಿನ ಕೊನೇ ತಾರೀಖಿಗಿಂತ 15 ದಿನ ಮೊದಲ ಬಿಟ್ರ ಫೀಸು ಪೂರ್ತಿ ವಾಪಸು, ಸಣ್ಣ ಖರ್ಚು ಅಂತ ಹೆಚ್ಚಂದ್ರ 5,000 ಹಿಡಕೋಬಹುದು. ತಾರೀಖು ಹತ್ರ ಬಂದ ಮ್ಯಾಲ ನೂರಕ್ಕ 90, ತಾರೀಖು ಮುಗದು 15 ದಿನದ ಒಳಗ 80, 30 ದಿನದ ಒಳಗ 50. ಆಮ್ಯಾಗ ಏನೂ ಇಲ್ಲ. ಪುಟ್ಟಿ ಹೋಗೋದು ಬರೋ ವರ್ಷ, ಹಂಗಾಗಿ ಈ ವರ್ಷದ ಫೀಸು ವಾಪಸು ಬರಂಗಿಲ್ಲ. ಅದನ್ನ ಮುಚ್ಚಿಡಂಗಿಲ್ಲ ಕಾಕಾ. ಒಂದು ವರ್ಷನೂ ಹೋಗ್ತೈತಿ, ಅಲ್ಲಿ ಮತ್ತ ಮೊದಲನೇ ಸೆಮಿಸ್ಟರಿಂದನೇ ಶುರು. ಆದ್ರ ಅದೇ ಆದೇಶದಾಗ ಇನ್ನೆರಡು ಮಾತು ಅದಾವ. ಒರಿಜಿನಲ್ ನೋಡಿ ಅಲ್ಲೇ ವಾಪಸು ಕೊಡಬೇಕು, ಹಿಡದು ಇಟ್ಕೋಬಾರದು. ಓದೋ ಸೆಮಿಸ್ಟರ್ ಅಥವಾ ವರ್ಷದ ಫೀಸು ಬಿಟ್ಟು ಮುಂದಿಂದು ಕೇಳಬಾರದು. ನನ್ನ ಕಾಲಕ್ಕ ಈ ಕಾಗದ ಇರಲಿಲ್ಲ. ಪುಟ್ಟಿ, ನಿನ್ನ ಒರಿಜಿನಲ್ ಆಫೀಸಿನ್ಯಾಗ ಇದ್ರ ಈಗೇ ಇಸ್ಕೋ, ಇವತ್ತು ಯಾವ ಅವಸರನೂ ಇಲ್ಲ ಅನ್ನೋವಾಗಲೇ.

ಬ್ಯಾರೆಯವರ ಸೀಟು ಅಂದ್ರಲ್ಲ ಕಾಕಾ, ಅದು ನನಗ ಚುಚ್ಚಿತು. ಖರೇ ಐತಿ. ನಾ ಬಿಟ್ಟು ಬಂದ ಮ್ಯಾಲ ಎರಡನೇ ವರ್ಷ ಆ ಬೆಂಚು ಖಾಲಿ ಉಳೀತು. ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಪುಟ್ಟಿ ಮಾಡಬಹುದಾದ್ದು ಒಂದು ಐತಿ: ಅಲ್ಲಿ ಸೀಟು ಬಂದ್ರ ಎರಡೂ ಕಡೆ ಹಿಡಕೊಂಡು ಕುಂಡ್ರಬಾರದು. ಜಾಮ್ ಸೀಟು ಹಂಚೋವಾಗ ಒಪ್ಪಿ ಗಟ್ಟಿ ಮಾಡ್ತೀಯೋ, ಒಪ್ಪಿ ಮ್ಯಾಲಿಂದಕ್ಕ ಕಾಯ್ತೀಯೋ, ಬ್ಯಾಡ ಅಂತೀಯೋ ಅಂತ ಕೇಳ್ತಾರ. ಹೋಗಂಗಿಲ್ಲಂದ್ರ ಅವತ್ತೇ ಬ್ಯಾಡ ಅನ್ನು, ಹಿಂದ ನಿಂತವರಿಗೆ ಹೋಗ್ತೈತಿ.

ಈಗ ನಾ ಭಾಳ ಒತ್ತಿ ಹೇಳೋ ಮಾತು. ಪುಟ್ಟಿ, ನೀ ಚಿಗವ್ವನ ಮುಂದ "ಸೀಟು ಬಿಟ್ಟು ಮನ್ಯಾಗ ಕುಂತು ಓದ್ತೀನಿ" ಅಂದಿಯಂತ. ಅದು ಮಾತ್ರ ಬ್ಯಾಡ. ಕೈ ಮುಗಿದು ಹೇಳ್ತೀನಿ. ನನ್ನ ಜೊತಿ ಬಿಎಸ್ಸಿ ಓದಿದಾಕಿ ಒಬ್ಬಾಕಿ ಹಂಗ ಮಾಡಿದಳು. ನನಗಿಂತ ಶಾಣ್ಯಾಕಿ. ಸಿಕ್ಕ ಸೀಟು ಬಿಟ್ಟು, ಊರಿಗೆ ಬಂದು, ಮ್ಯಾಲಿನ ಖೋಲ್ಯಾಗ ಟೇಬಲ್ ಹಾಕ್ಕೊಂಡು ಕುಂತಳು. ಮೊದಲನೇ ತಿಂಗಳು ಎಲ್ಲಾರೂ ಸುಮ್ಮನಿದ್ರು. ದಸರಾ ಹೊತ್ತಿಗೆ, ಮನ್ಯಾಗೇ ಇದ್ದಾಳಲ್ಲ ಅಂತ ಅಡಗಿ ಕೆಲಸ ಬಂತು. ದೀಪಾವಳಿ ಹೊತ್ತಿಗೆ ನೋಡಾಕ ಬಂದ್ರು. ಫೆಬ್ರುವರಿಯಾಗ ಪರೀಕ್ಷಾ ಇತ್ತು, ಆಕಿ ಮದುವಿ ಅದೇ ಫೆಬ್ರುವರಿಯಾಗ ಆತು. ಅವರಪ್ಪ ಕೆಟ್ಟವರಲ್ಲ. ಹುಡುಗಿ ಹಾಸ್ಟೆಲ್ಲಿನ್ಯಾಗ ಇದ್ರ "ಓದಾಕತ್ಯಾಳ" ಅಂತಾರ, ಮನ್ಯಾಗ ಅದೇ ಪುಸ್ತಕ ಹಿಡದು ಕುಂತ್ರ "ಖಾಲಿ ಅದಾಳ" ಅಂತಾರ. ನಿಮ್ಮನ್ನ ಅಂತಿಲ್ಲ ಕಾಕಾ, ಊರಿಗೆ ಊರೇ ಹಿಂಗ ಐತಿ.

2024ರ ಆಗಸ್ಟ್ 10ರ ರಾತ್ರಿ ನೆನಪೈತೇನ್ರಿ ಕಾಕಾ? ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡದು ಗೇಟು ಕೊಚ್ಚಿಕೊಂಡು ಹೋತಲ್ಲ. ನೀವು ಮೂರು ರಾತ್ರಿ ನಿದ್ದಿ ಮಾಡಲಿಲ್ಲ, ಕಾಲುವಿ ನೀರು ನಂಬಿ ನಾಟಿ ಮಾಡಿದ್ದಿರಿ. ನೀರೆಲ್ಲಾ ಕೆಳಗ ಇಳೀತನಕ ಗೇಟು ಕೂಡಸಾಕ ಬರಂಗಿಲ್ಲ ಅಂತ ಎಲ್ಲಾರೂ ಅಂತಿದ್ರು. ಡ್ಯಾಮಿನ ಗೇಟು ಕೆಲಸ ಬಲ್ಲ ಕನ್ನಯ್ಯ ನಾಯ್ಡು ಅವರು ಬಂದ್ರು, ಒಂದು ವಾರದಾಗ, ನೀರು ಹರೀತಿರೋವಾಗಲೇ ಸ್ಟಾಪ್‌ಲಾಗ್ ಅಂತ ನೀರು ತಡೆಯೋ ಕಬ್ಬಿಣದ ಅಡ್ಡ ಹಲಗಿ ಒಂದರ ಮ್ಯಾಲ ಒಂದು ಇಳಿಸಿದ್ರು. ಡ್ಯಾಮು ಖಾಲಿ ಮಾಡಲಿಲ್ಲ. ನಾ ಪುಟ್ಟಿಗೆ ಹೇಳೋದೂ ಅದನ್ನೇ. ಸೀಟಿನ್ಯಾಗ ಇದ್ದುಕೊಂಡೇ ಬರಿ. ಸೆಮಿಸ್ಟರ್ ಪರೀಕ್ಷಾನೂ ಚಂದಂಗಿ ಬರಿ. ಇಲ್ಲಿ ಕಲಿಯೋ ಥರ್ಮೋಡೈನಮಿಕ್ಸ್, ಕ್ವಾಂಟಮ್, ಆರ್ಗ್ಯಾನಿಕ್ ರಿಯಾಕ್ಷನ್ ಎಲ್ಲಾ ಅಲ್ಲಿಗೂ ಬೇಕು.

ಹೋದ ಸಲ ಯಾಕ ಕಡಿಮಿ ಬಂತು ಅಂತ ನಿನ್ನ ರೆಸ್ಪಾನ್ಸ್ ಶೀಟ್ ನೋಡಿದೆ ಪುಟ್ಟಿ. ಜಾಮಿನ್ಯಾಗ 60 ಪ್ರಶ್ನೆ, 100 ಮಾರ್ಕ್ಸು, ಮೂರು ತಾಸು. ಅದರಾಗ 20 ಪ್ರಶ್ನೆಗೆ ಆಪ್ಶನ್ನೇ ಇರಂಗಿಲ್ಲ, ಲೆಕ್ಕಾ ಮಾಡಿ ನಂಬರ್ ಒತ್ತಬೇಕು, 30 ಮಾರ್ಕ್ಸು. ತಪ್ಪಾದ್ರ ಕಳೆಯಂಗಿಲ್ಲ. ನೀ ಅವುಗಳಾಗ ಒಂಬತ್ತು ಬಿಟ್ಟು ಬಂದಿ! ನಮ್ಮ ಕಡೆ ಡಿಗ್ರಿನ್ಯಾಗ ಥಿಯರಿ ಉದ್ದಕ್ಕ ಬರಸ್ತಾರ, ಕೈಯಾಗ ಲೆಕ್ಕಾ ಕೂಡಂಗಿಲ್ಲ, ನನಗೂ ಹಂಗೇ ಇತ್ತು. ದಿನಾ ಐದು ಲೆಕ್ಕಾ ಮಾಡು, ಕಂಪ್ಯೂಟರ್ ಪರದಿ ಮ್ಯಾಲಿನ ಕ್ಯಾಲ್ಕುಲೇಟರ್ ಒತ್ತಿನೇ ಮಾಡು, ಅಲ್ಲಿ ನಿಂದು ಒಯ್ಯಾಕ ಬಿಡಂಗಿಲ್ಲ. ಹೋದ ವರ್ಷದ ಸ್ಕೋರು ಆ ವರ್ಷಕ್ಕಷ್ಟೇ, ಅದನ್ನ ಮರತುಬಿಡು.

ದೊಡ್ಡಪ್ಪ ಕೇಳಿದ್ರು, ಎಂಎಸ್ಸಿ ಎಲ್ಲಿ ಮಾಡಿದ್ರೂ ಎಂಎಸ್ಸಿನೇ ಅಲ್ಲೇನು, ಬರೇ ಹೆಸರಿಗೆ ಯಾಕ ಓಡಬೇಕು ಅಂತ. ದೊಡ್ಡಪ್ಪ, ಎನ್‌ಎಂಆರ್ ಅಂತ ಒಂದು ಮಷೀನ್ ಐತಿ, ಮಾಡಿದ ರಾಸಾಯನಿಕದ ಒಳಗಿನ ರಚನಾ ತೋರಸ್ತೈತಿ. ಇಲ್ಲಿ ನಾ ಅದರ ಚಿತ್ರ ಬೋರ್ಡಿನ ಮ್ಯಾಲ ನೋಡಿದ್ದೆ, ಗ್ರಾಫು ಪುಸ್ತಕದಾಗ ನೋಡಿದ್ದೆ. ಹೈದರಾಬಾದಿನ್ಯಾಗ ಮೊದಲನೇ ಸಲ ಆ ಖೋಲಿಗೆ ಕರಕೊಂಡು ಹೋದಾಗ ಗಡಿಯಾರ, ಪರ್ಸು, ಕೀಲಿಕೈ ಎಲ್ಲಾ ಬಾಗಲದಾಗ ಇಡಿಸಿದ್ರು, ಒಳಗಿನ ಅಯಸ್ಕಾಂತ ಅಷ್ಟು ಜೋರು ಅಂತ. ನನ್ನ ಕೈಯಾರೆ ಮಾಡಿದ ಪುಡಿ ಒಂದು ಸಣ್ಣ ಗಾಜಿನ ಕೊಳವ್ಯಾಗ ಒಳಗ ಹೋತು, ಸ್ವಲ್ಪ ಹೊತ್ತಿನ್ಯಾಗ ಪರದಿ ಮ್ಯಾಲ ಗೆರಿ ಎದ್ದು ನಿಂತ್ವು. ಪುಸ್ತಕದಾಗಿನ ಗ್ರಾಫು ಇನ್ಯಾರದೋ. ಇದು ನಂದು. ಅವತ್ತು ರಾತ್ರಿ ಹಾಸ್ಟೆಲ್ಲಿನ್ಯಾಗ ನಿದ್ದಿ ಬರಲಿಲ್ಲ ದೊಡ್ಡಪ್ಪ. ನಾ ಓಡಿದ್ದು ಹೆಸರಿಗೆ ಇರಬಹುದು, ಅಲ್ಲಿ ನಿಂತಿದ್ದು ಇದಕ್ಕ. ಹಂಗಂತ ಎಲ್ಲಾ ಹೂವಿನ ಹಾಸಿಗಿ ಅಲ್ಲ, ಮೊದಲನೇ ಸೆಮಿಸ್ಟರಿನ್ಯಾಗ ಇಂಗ್ಲಿಷ್ ಲೆಕ್ಚರ್ ಹಿಡಿಯಾಕ ಆಗದೇ ಒಂದು ಪೇಪರ್ ಹೋತು, ಮತ್ತ ಬರದೆ.

ದೂರ ಅನ್ನಬ್ಯಾಡ್ರಿ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ರ.

ಒಂದು ಎಚ್ಚರಕಿ ಹೇಳಬೇಕು, ಇದನ್ನ ನಮ್ಮವರು ಮರೀತಾರ. ಪುಟ್ಟಿಗೆ ಈಗಿನ ಸೀಟು ಸಿಗೋವಾಗ ನಮ್ಮ ಕಲ್ಯಾಣ ಕರ್ನಾಟಕಕ್ಕ ಸಂವಿಧಾನ ಕೊಟ್ಟ 371ಜೆ ಕೈ ಹಿಡೀತು, ನಮ್ಮ ಭಾಗದ ಕಾಲೇಜಿನ್ಯಾಗ ನೂರಕ್ಕ 70 ಸೀಟು ನಮ್ಮ ಮಕ್ಕಳಿಗೆ. ಐಐಟಿ, ಸೆಂಟ್ರಲ್ ಯೂನಿವರ್ಸಿಟಿ ಕೇಂದ್ರದ್ದು, ಅಲ್ಲಿ ಅದು ನಡೆಯಂಗಿಲ್ಲ. ರಾಜ್ಯದ ಹಿಂದುಳಿದ ವರ್ಗದ ಪಟ್ಟಿ ಪ್ರಕಾರ 2ಎ, 3ಬಿ ಅಂತ ನಾಡಕಚೇರ್ಯಾಗ ಕೊಡೋ ಜಾತಿ ಆದಾಯ ಪತ್ರನೂ ಅಲ್ಲಿ ತಗೊಳ್ಳಂಗಿಲ್ಲ. ಕೇಂದ್ರದ ಪಟ್ಟಿನ್ಯಾಗ ನಮ್ಮ ಹೆಸರು ಐತೋ ನೋಡಿ, ಕೇಂದ್ರದ ನಮೂನೆಯೊಳಗ ಒಬಿಸಿ ಎನ್‌ಸಿಎಲ್, ಅಂದ್ರ ಹಿಂದುಳಿದ ವರ್ಗದಾಗ ಕೆನೆಪದರಕ್ಕ ಸೇರದವರ ಪತ್ರ, ಬ್ಯಾರೆ ಮಾಡಿಸಬೇಕು. ಅದೂ ಹಳೇದು ಆಗಂಗಿಲ್ಲ, ಯಾವ ತಾರೀಖಿನ ಮ್ಯಾಲ ಮಾಡಿಸಿದ್ದು ಬೇಕು ಅಂತ ಅರ್ಜ್ಯಾಗ ಬರದಿರ್ತಾರ. ಕಾಕಾ, ತಹಶೀಲ್ದಾರ್ ಆಫೀಸಿಗೆ ನೀವು ಹೋದ್ರ ಕೆಲಸ ಆಗ್ತೈತಿ, ಆಕಿ ಒಬ್ಬಾಕಿನ್ನ ಕಳಸಬ್ಯಾಡ್ರಿ.

ಜಾಮ್ ಅರ್ಜಿ ಈಗ ನಡದೈತಿ, ಪರೀಕ್ಷಾ ಫೆಬ್ರುವರಿಯಾಗ. ಹೈದರಾಬಾದಿಗೆ ಈಗ ಸೆಂಟ್ರಲ್ ಯೂನಿವರ್ಸಿಟಿಗಳ ಒಂದೇ ಎಂಟ್ರನ್ಸ್ ಸಿಯುಇಟಿ ಪಿಜಿ ಬರೀಬೇಕು, ಈಚಿನ ವರ್ಷ ಅದು ಮಾರ್ಚಿನ್ಯಾಗ ಬರಾಕತ್ತೈತಿ. ಎರಡೂ ಹಾಕೋಣು. ಜಾಮ್ ಫೀಸು ನಾ ಕಟ್ತೀನಿ, ಇದಕ್ಕ ಇಲ್ಲ ಅನಬ್ಯಾಡ್ರಿ ಕಾಕಾ. ಎರಡರಾಗ ಒಂದೂ ಆಗಲಿಲ್ಲಂದ್ರ ಆಕಿ ಅಲ್ಲೇ ಎರಡನೇ ವರ್ಷಕ್ಕ ಕುಂಡ್ರತಾಳ, ಹೋಗಿದ್ದು ಅರ್ಜಿ ಫೀಸು ಅಷ್ಟೇ. ಆಮ್ಯಾಗ ಮೂರನೇ ಸಲ ಅಂತ ನಾನೂ ಕೇಳಂಗಿಲ್ಲ.

ಭಾನುವಾರ ಮುಂಜಾನಿ ಸಿಂಧನೂರಿಗೆ ಬರ್ತೀನಿ, ಲ್ಯಾಪ್‌ಟಾಪ್ ತರ್ತೀನಿ, ನಿಮ್ಮ ಮುಂದ ಕುಂತೇ ಅರ್ಜಿ ತುಂಬೋಣು. ಚಿಗವ್ವ, ಟ್ರಂಕಿನ್ಯಾಗ ಪುಟ್ಟಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇರ್ತೈತಿ, ಅದರಾಗ ಆಕಿ ಹೆಸರು ಇಂಗ್ಲಿಷಿನ್ಯಾಗ ಹೆಂಗ ಬರದಾರ ಅಂತ ಒಂದು ಫೋಟೊ ತಗದು ಹಾಕ್ರಿ, ಆಧಾರಿನ್ಯಾಗ ಒಂದು ಅಕ್ಷರ ಬ್ಯಾರೆ ಐತಿ ಅಂತ ಪುಟ್ಟಿ ಹೇಳಿದ್ದಳು.