ಉಬ್ಬುಮೀನು, ಮರೆ, ಹೆಪ್ಪು: ಮೂರು ಮಾತುಗಳ ಬಗ್ಗೆ ಕೇಳಿಕೆ

ಬಲ್ಲವರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಬಣ್ಣದ ಮೀನು ಮಾರುವ ಪರಿಚಯದವರೊಬ್ಬರು ನನಗೊಂದು ಕೆಲಸ ಹಚ್ಚಿದ್ದಾರೆ. ಅವರ ಅಂಗಡಿಗೆ ಈಚೆಗೆ ಪಫರ್ ಮೀನಿನ ತೀರಾ ಚಿಕ್ಕ ಜಾತಿಯೊಂದು ಬರುತ್ತಿದೆ. ಕೊಂಡವರು ವಾರದೊಳಗೆ ‘ಸತ್ತುಹೋಯಿತು’ ಎಂದು ಮರಳಿ ಬರುತ್ತಾರಂತೆ. ತೊಟ್ಟಿ ಸಜ್ಜುಗೊಳಿಸುವ ರೀತಿಯನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಿ ಎಂದರು. ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ಒಂದು ಪುಟ ಏನು ಮಹಾ ಎಂದು ಒಪ್ಪಿಕೊಂಡೆ. ಮೂರು ವಾರವಾಯಿತು.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಪಫ್ ಎಂದರೆ ಬೇಕರಿಯದು. ಈ ಮೀನು ಹೆದರಿದಾಗ ನೀರು ನುಂಗಿ ಗುಂಡಗಾಗುತ್ತದೆ. ಇದಕ್ಕೆ ಊದು, ಬಾವು, ಉಬ್ಬು ಎಂಬ ಮೂರೂ ಕೈಗೆ ಸಿಗುತ್ತವೆ. ಊದುವುದಕ್ಕೆ ಉಸಿರು ಬೇಕು: ಕೊಳಲು, ಊದುಗೊಳವೆ. ಮೀನು ಊದುವುದಿಲ್ಲ, ನುಂಗುತ್ತದೆ. ಬಾವು ಎಂದರೆ ರೋಗ. ತೊಟ್ಟಿಯ ಮೀನುಗಳಿಗೆ ನಿಜಕ್ಕೂ ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ಕಾಯಿಲೆ ಇರುವುದರಿಂದ ಆ ಮಾತನ್ನು ಅದಕ್ಕೇ ಬಿಡಬೇಕು. ಉಬ್ಬುವುದು ಹಂಚಿನ ಮೇಲಿನ ಜೋಳದ ರೊಟ್ಟಿ. ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ಮೀನೂ ಹಾಗೆಯೇ. ಹಾಗಾಗಿ ‘ಉಬ್ಬುಮೀನು’ ಎಂದು ಬರೆದೆ. ಉಬ್ಬುಹಲ್ಲು, ಉಬ್ಬುಶಿಲ್ಪಗಳ ಸಾಲಿನಲ್ಲಿ ಓದಿದವರು ‘ಮುಂಚಾಚಿದ ಮೀನು’ ಎಂದುಕೊಂಡಾರು ಎಂಬ ಅಳುಕಿದೆ. ಇದರ ಹಲ್ಲುಗಳು ಕೂಡಿಕೊಂಡು ಗಿಳಿಯ ಕೊಕ್ಕಿನಂತೆ ಆಗಿರುವುದರಿಂದ ಆ ತಪ್ಪೂ ಪೂರ್ತಿ ತಪ್ಪಲ್ಲ.

ಇದರ ಶಾಸ್ತ್ರೀಯ ಹೆಸರು ಕ್ಯಾರಿನೋಟೆಟ್ರಾಓಡಾನ್ ಟ್ರಾವಂಕೋರಿಕಸ್. ಪ್ರಾಣಿಶಾಸ್ತ್ರಜ್ಞರಾದ ಹೋರಾ ಮತ್ತು ನಾಯರ್ ಇದನ್ನು 1941ರಲ್ಲಿ ವಿವರಿಸಿದರು. ಹೆಸರಿನ ತುದಿಯಲ್ಲಿ ತಿರುವಾಂಕೂರು ಕುಳಿತಿದೆ; ಕೇರಳದ ಪಂಪಾ ಮೊದಲಾದ ಹೊಳೆಗಳ ಸಿಹಿನೀರು ಇದರ ತವರು. ಬೆಳೆದರೆ ಇಂಚಿನ ಆಸುಪಾಸು, ಅದಕ್ಕೇ ಇಂಗ್ಲಿಷಿನಲ್ಲಿ ಬಟಾಣಿಯ ಹೆಸರಿಟ್ಟಿದ್ದಾರೆ. ನಾನು ‘ವಟಾಣಿ ಉಬ್ಬುಮೀನು’ ಎಂದೆ. ಬೆಂಗಳೂರಿನವರು ಬ ಹಾಕಿ ಓದಿಕೊಳ್ಳಲಿ.

ಎರಡನೆಯದು ತೊಟ್ಟಿಯೊಳಗಿನ ‘ಅಲಂಕಾರ’. ಮೊದಲ ಕರಡಿನಲ್ಲಿ ಹಾಗೇ ಇತ್ತು. ಅಂಗಡಿಯವರು ಓದಿ, ‘ಸರ್, ಮಂಟಪ ಕಟ್ಟುವವರಂತೆ ಬರೆದಿದ್ದೀರಿ’ ಎಂದರು. ಗಂಡುಮೀನುಗಳು ಒಂದನ್ನೊಂದು ಕಂಡರೆ ಅಟ್ಟಿಸಿಕೊಂಡು ಹೋಗಿ ರೆಕ್ಕೆ ಕಚ್ಚುತ್ತವೆ. ತಳದಲ್ಲಿ ನಯವಾದ ಉಸುಕು, ಹಳೆಯ ಮರದ ಬೇರು, ಅದಕ್ಕೆ ಕಟ್ಟಿದ ಜಾವಾ ಮಾಸ್ ಎಂಬ ಪಾಚಿಯಂಥ ಗಿಡ, ಹಿಂದೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡದ ಉದ್ದ ಎಲೆ, ಇವೆಲ್ಲ ಚೆಂದಕ್ಕಲ್ಲ, ಒಂದರ ಕಣ್ಣಿಗೆ ಇನ್ನೊಂದು ಬೀಳದಿರಲು. ಆದ್ದರಿಂದ ಅಲಂಕಾರವನ್ನು ಹೊಡೆದು ‘ಮರೆ ಕಟ್ಟುವುದು’ ಎಂದು ಮಾಡಿದೆ. ಇದರಲ್ಲಿ ನನಗೆ ಸಂಶಯವಿಲ್ಲ. ಮರಳು ಎಂದೋ ಉಸುಕು ಎಂದೋ ಎಂಬ ಜಗಳ ಮಾತ್ರ ದಯವಿಟ್ಟು ಬೇಡ.

ನಿಜವಾದ ತೊಡಕು ಮೂರನೆಯದು. ಮೀನು ಬಿಡುವ ಮೊದಲು ತೊಟ್ಟಿಯನ್ನು ‘ಸೈಕಲ್ ಮಾಡಬೇಕು’ ಎನ್ನುತ್ತಾರೆ ಸಾಕುವವರು. ಮೀನಿನ ಹೇಲು ಉಚ್ಚೆಯಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ವಾರದೊಳಗೆ ಸತ್ತ ಮೀನುಗಳ ಕಥೆ ಬಹುಮಟ್ಟಿಗೆ ಇದೇ. ಶಾಲೆಯ ಪುಸ್ತಕದ ‘ಸಾರಜನಕ ಚಕ್ರ’ ಸರಿಯಾದ ಮಾತೇ, ಆದರೆ ‘ತೊಟ್ಟಿಯ ಚಕ್ರೀಕರಣ’ ಎಂದು ಬರೆದರೆ ಯಾರೂ ಎರಡನೆಯ ಸಾಲಿಗೆ ಬರುವುದಿಲ್ಲ.

‘ನೀರು ಹದಗೊಳಿಸುವುದು’ ಎಂದು ಬರೆದು ನೋಡಿದೆ. ಧಾರವಾಡದ ರೈತನಿಗೂ ಕಮ್ಮಾರನಿಗೂ ತಿಳಿಯುವ ಮಾತು. ಆದರೆ ಒಳಗೆ ಜೀವವೊಂದು ಬೆಳೆಯುತ್ತಿದೆ ಎಂಬುದು ಹದದಲ್ಲಿ ಕಾಣುವುದಿಲ್ಲ.

ಹೋದ ವಾರ ಅಂಗಡಿಯಲ್ಲಿ ಕುಳಿತಿದ್ದಾಗ ಅವರು ಹಳೆಯ ತೊಟ್ಟಿಯ ಫಿಲ್ಟರ್‌ನಿಂದ ಕಂದು ಬಣ್ಣಕ್ಕೆ ತಿರುಗಿದ ಸ್ಪಂಜನ್ನು ತೆಗೆದು ಹೊಸ ತೊಟ್ಟಿಯಲ್ಲಿ ಹಿಂಡಿದರು. ಚಹಾದಂಥ ಕೊಳೆ ನೀರಿನಲ್ಲಿ ಹರಡಿತು. ಹುಡುಗನೊಬ್ಬ ಸ್ಪಂಜನ್ನು ತೊಳೆಯಲು ನಳದ ಕಡೆ ಹೊರಟಾಗ ಗದರಿಸಿ ನಿಲ್ಲಿಸಿದರು. ನಳದ ನೀರಿನ ಕ್ಲೋರಿನ್ ಅದರೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕುದಿಯುವ ಹಾಲಿಗೆ ಮಜ್ಜಿಗೆ ಹಾಕಲು ಹೊರಟ ಮಗುವನ್ನು ಅವ್ವ ತಡೆಯುವುದು ನೆನಪಾಯಿತು. ಇದು ಹೆಪ್ಪು ಹಾಕುವುದೇ ಅಲ್ಲವೇ? ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ, ಹಳೆಯ ಸ್ಪಂಜಿನಿಂದ ಹೊಸ ತೊಟ್ಟಿಗೆ.

ನನ್ನ ಪ್ರಶ್ನೆ ಇಲ್ಲಿದೆ. ‘ತೊಟ್ಟಿಗೆ ಹೆಪ್ಪು ಹಾಕಿ’ ಎಂದು ಓದಿದವರು ನೀರು ಗಟ್ಟಿಯಾಗುತ್ತದೆ ಎಂದು ತಿಳಿಯುತ್ತಾರೆಯೇ? ರಕ್ತ ಹೆಪ್ಪುಗಟ್ಟುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ. ಹಾಕುವ ಹೆಪ್ಪಿಗೂ ಕಟ್ಟುವ ಹೆಪ್ಪಿಗೂ ಇರುವ ಅಂತರ ಸಾಮಾನ್ಯ ಓದುಗರ ಕಿವಿಗೆ ಬೀಳುತ್ತದೆಯೇ? ಹಾವೇರಿ, ಗದಗದ ಕಡೆಯವರು ಮೊಸರಲ್ಲದೆ ಬೇರೆ ಯಾವುದಕ್ಕಾದರೂ ‘ಹೆಪ್ಪು ಹಾಕು’ ಎನ್ನುವುದನ್ನು ಕೇಳಿದ್ದರೆ ವಾಕ್ಯದ ಸಮೇತ ತಿಳಿಸಿ. ಶನಿವಾರ ಚೀಟಿ ಅಚ್ಚಿಗೆ ಹೋಗುತ್ತದೆ. ಸದ್ಯ ‘ಹದ’ ಶಾಯಿಯಲ್ಲಿದೆ, ‘ಹೆಪ್ಪು’ ಅದರ ಮೇಲೆ ಪೆನ್ಸಿಲಿನಲ್ಲಿದೆ.