ಕಾರಿಗೆ ಮನೆಯಲ್ಲೇ ಚಾರ್ಜಿಂಗ್ ಪಾಯಿಂಟ್: ನಾವೇ ಮಾಡಿಕೊಳ್ಳಬಹುದಾ?

ಕೊಟ್ಟಿಗೆಮನೆ:
ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ, ಮೇನ್ ರೋಡಿನಿಂದ ಸ್ವಲ್ಪ ಒಳಗೆ. ಸೆಕೆಂಡ್ ಹ್ಯಾಂಡ್ ಟಿಯಾಗೊ ಇವಿ ತಗೊಳ್ಳುವುದು ಹೆಚ್ಚುಕಡಿಮೆ ಪಕ್ಕಾ ಆಗಿದೆ. 24 ಯೂನಿಟ್ ಬ್ಯಾಟರಿಯದ್ದು. ವಾರಕ್ಕೊಂದೆರಡು ಸಲ ಶಿವಮೊಗ್ಗ, ಉಳಿದಂತೆ ಪೇಟೆ, ತೋಟ ಅಷ್ಟೇ ಓಡಾಟ. ಗೋಡೆಗೆ ಹಾಕುವ ಚಾರ್ಜಿಂಗ್ ಡಬ್ಬದ (ವಾಲ್ ಬಾಕ್ಸ್) ರೇಟು ಕೇಳಿ ತಲೆ ತಿರುಗಿತು. ಒಳಗಿರುವುದು ಒಂದು ಕಾಂಟ್ಯಾಕ್ಟರ್ (ಕರೆಂಟಿನಿಂದ ಆನ್ ಆಫ್ ಆಗುವ ದೊಡ್ಡ ಸ್ವಿಚ್), ಒಂದು ಚಿಕ್ಕ ಬೋರ್ಡು, ಅಲ್ವಾ? ಪಂಪಿನ ಸ್ಟಾರ್ಟರ್ ಎಲ್ಲ ನಾನೇ ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತೇನೆ, ಇದನ್ನೂ ಮಾಡಬಹುದು ಅನಿಸುತ್ತದೆ. ಮಾಡುವುದಾದರೆ 7.2 ಕಿಲೋವ್ಯಾಟಿನದ್ದೇ ಮಾಡೋಣ ಅಂತ.

ಮೀಟರ್ ಜಗಲಿಯಲ್ಲಿದೆ. ಕಾರು ನಿಲ್ಲುವುದು ಕೆಳಗೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ, ವೈರ್ ಎಳೆದರೆ 50 ಮೀಟರ್ ಬೇಕು. ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಶೆಡ್ಡಿನ ಹಿಂದೆಯೇ ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನ್ ಇದೆ, ಅದರಿಂದಲೇ ಎಳೆದುಕೋ ಅಂತ ನಮ್ಮ ಭಾವನ ಸಲಹೆ. ಮಳೆಗಾಲ ಶುರುವಾಗುವ ಮೊದಲು ಮುಗಿಸಬೇಕು. ಮಾಡಿದವರು ಇದ್ದರೆ ಹೇಳಿ.

ಸಾಗರದ ವೈರಿಂಗ್:
ಮೊದಲು ಭಾವನಿಗೆ ಬೇಡ ಅನ್ನಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟ್ ಕೊಡುವುದು ನೀರೆತ್ತುವುದಕ್ಕೆ. ಅದರಲ್ಲಿ ಕಾರು ಚಾರ್ಜ್ ಮಾಡುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ದಂಡ. ಅದೂ ಅಲ್ಲದೆ ಆ ಲೈನಿನಲ್ಲಿ ತ್ರೀ ಫೇಸ್ ಬರುವ ಹೊತ್ತಿಗೆ ನಿಮ್ಮ ಕಾರು ಶಿವಮೊಗ್ಗದಲ್ಲಿರುತ್ತದೆ. ಮನೆ ಮೀಟರಿನಿಂದ ನಮ್ಮ ಕಾರು ಚಾರ್ಜ್ ಮಾಡಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಆದರೆ ಮೆಸ್ಕಾಂನಲ್ಲಿ ಅರ್ಜಿ ಕೊಟ್ಟು ಲೋಡ್ ಜಾಸ್ತಿ ಮಾಡಿಸಿಕೊಳ್ಳಿ. ಕಾರೇ 3.3 ಕಿಲೋವ್ಯಾಟ್ ಎಳೆಯುತ್ತದೆ, ಮೇಲೆ ಗೀಸರು, ಮಿಕ್ಸಿ.

ಎರಡನೇದು, 7.2 ಯಾಕೆ? ಗೋಡೆ ಮೇಲಿನ ಡಬ್ಬ ಚಾರ್ಜರ್ ಅಲ್ಲವೇ ಅಲ್ಲ. ಎಸಿಯನ್ನು ಡಿಸಿ ಮಾಡುವ ಚಾರ್ಜರ್ ಕಾರಿನೊಳಗೇ ಇರುತ್ತದೆ. ಟಿಯಾಗೊದಲ್ಲಿ 3.3ರದ್ದೂ ಇದೆ, 7.2ರದ್ದೂ ಇದೆ. ನೀವು ನೋಡಿದ ಗಾಡಿಯಲ್ಲಿ 3.3 ಇದ್ದರೆ ನೀವು 32 ಆಂಪ್ ಕೊಟ್ಟರೂ ಅದು ತಗೊಳ್ಳುವುದು 3.3 ಮಾತ್ರ. ರಾತ್ರಿ ಊಟ ಮಾಡಿ ಸಿಕ್ಕಿಸಿದರೆ ಬೆಳಿಗ್ಗೆಗೆ ಫುಲ್ ಆಗುತ್ತದೆ, ಇನ್ನೇನು ಬೇಕು?

ದುಡ್ಡನ್ನು ವೈರಿಗೆ, ಅರ್ಥಿಂಗಿಗೆ ಹಾಕಿ. 50 ಮೀಟರಿಗೆ 2.5 ಎಂಎಂ ತಾಮ್ರದ ವೈರ್ ಹಾಕಿದರೆ 15 ಆಂಪಿಗೆ ಸುಮಾರು 12 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಎಂಎಂ ಆದರೆ 7 ವೋಲ್ಟ್. ನಮ್ಮ ಕಡೆ ಸಂಜೆ ವೋಲ್ಟೇಜ್ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು, ಅದರಲ್ಲಿ ಇನ್ನೂ ಕಳೆದುಕೊಳ್ಳುವುದು ಬೇಡ. ಮುಂದೆ ದೊಡ್ಡ ಕಾರು ತಗೊಳ್ಳುವ ಯೋಚನೆ ಇದ್ದರೆ ಈಗಲೇ 6 ಎಂಎಂ ಎಳೆಯಿರಿ. ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ ತಗೊಂಡು ಆಳವಾಗಿ ಹುಗಿಯಿರಿ, ಸುಮ್ನೆ ಮೇಲೆ ಮಣ್ಣು ಮುಚ್ಚಿದರೆ ಹಂದಿ ಕೆದಕಿ ಹಾಕುತ್ತದೆ.

ಸಾಕೆಟ್ ಅಗ್ಗದ್ದು ಬೇಡ. ಗೀಸರ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಮೊನ್ನೆ ಒಂದು ಮನೆಯಲ್ಲಿ ಸಾಕೆಟ್ ಬಿಚ್ಚಿದೆ. ನ್ಯೂಟ್ರಲ್ ತೂತಿನ ಸುತ್ತ ಕಂದು ಬಣ್ಣ, ಪಿನ್ ಮೇಲೆ ಕರಗಿದ ಪ್ಲಾಸ್ಟಿಕ್ ಅಂಟಿತ್ತು. ಹಿಂದಿನ ಸ್ಕ್ರೂ ಅರ್ಧ ಸುತ್ತು ಸಡಿಲ, ಅಷ್ಟಕ್ಕೇ!

ಬೆಸುಗೆಪ್ರಿಯ:
ವೈರಿಂಗ್ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಡಬ್ಬ ಮಾಡಲೇಬೇಡಿ ಅನ್ನುವ ಹಾಗೆ ಓದಿಸಿಕೊಳ್ಳುತ್ತಿದೆ, ಅದನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ನಾನೇ ಮಾಡಿದ್ದು ಓಡುತ್ತಿದೆ. ಓಪನ್‌ಇವಿಎಸ್‌ಇ ಅಂತ ಇದೆ, ಸರ್ಕ್ಯೂಟು, ಸಾಫ್ಟ್‌ವೇರ್ ಎರಡೂ ಎಲ್ಲರಿಗೂ ಬಿಟ್ಟಿ ಕೊಟ್ಟಿದ್ದಾರೆ.

ಕಾರಿಗೆ ಸಿಕ್ಕಿಸುವ ಟೈಪ್ 2 ಗನ್ನಿನಲ್ಲಿ ಕಂಟ್ರೋಲ್ ಪೈಲಟ್ ಅಂತ ಒಂದು ಪಿನ್ ಇದೆ. ಡಬ್ಬ ಅದರಲ್ಲಿ 12 ವೋಲ್ಟ್ ಇಟ್ಟುಕೊಂಡು ಕಾಯುತ್ತದೆ. ಕಾರು ಸಿಕ್ಕಿಸಿದರೆ ಅದು 9ಕ್ಕೆ ಇಳಿಯುತ್ತದೆ. ಕಾರು ಕರೆಂಟ್ ಕೊಡು ಅಂದಾಗ 6ಕ್ಕೆ ಇಳಿಯುತ್ತದೆ, ಆಗ ಮಾತ್ರ ಕಾಂಟ್ಯಾಕ್ಟರ್ ಆನ್ ಆಗಬೇಕು. ಎಷ್ಟು ಆಂಪ್ ಎಳೆಯಬಹುದು ಅಂತ ಹೇಳುವುದೂ ಇದೇ ಪಿನ್, ಸೆಕೆಂಡಿಗೆ 1,000 ಸಲ ಬಡಿಯುವ ಸಿಗ್ನಲ್ಲಿನ ಅಗಲದಿಂದ: ಶೇ 10 ಅಗಲ ಅಂದರೆ 6 ಆಂಪ್, ಶೇ 26.7 ಅಂದರೆ 16. ಇದರಿಂದ ಮಲೆನಾಡಿನವರಿಗೆ ದೊಡ್ಡ ಲಾಭ ಇದೆ. ವೋಲ್ಟೇಜ್ ಬಿದ್ದ ರಾತ್ರಿ 10 ಆಂಪಿಗೆ ಇಳಿಸಿ ಮಲಗಬಹುದು. 10 ಆಂಪಿನಲ್ಲಿ 10 ಗಂಟೆ ಬಿಟ್ಟರೂ 20 ಯೂನಿಟ್ ಮೇಲೆ ಹೋಗುತ್ತದೆ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರಿನಲ್ಲಿ ಈ ಹಿಡಿತ ಸಾಮಾನ್ಯವಾಗಿ ಇರುವುದಿಲ್ಲ.

ಕಷ್ಟ ಪೈಲಟ್ ಸಿಗ್ನಲ್ಲಿನದ್ದಲ್ಲ. ಕಾಂಟ್ಯಾಕ್ಟರ್ ಅಂಟಿಕೊಂಡರೆ ಗೊತ್ತಾಗಬೇಕು. ಲೀಕೇಜ್ ಆದರೆ ಕಟ್ ಆಗಬೇಕು. ಹಾಗೆ ಕಟ್ ಮಾಡುವ ಸ್ವಿಚ್ಚೇ ಆರ್‌ಸಿಸಿಬಿ. ಮಾಮೂಲಿ ಎಸಿ ಟೈಪ್ ಆರ್‌ಸಿಸಿಬಿ ಕಾರಿಗೆ ಸಾಲದು, ಕಾರಿನ ಕಡೆಯಿಂದ ಡಿಸಿ ಸೋರಿದರೆ ಅದು ಕುರುಡಾಗುತ್ತದೆ. 30 ಮಿಲಿ ಆಂಪಿನ ಟೈಪ್ ಎ ಜೊತೆ 6 ಮಿಲಿ ಆಂಪ್ ಡಿಸಿ ಹಿಡಿಯುವ ಸೆನ್ಸರ್ ಬೇಕು, ಇಲ್ಲವೇ ಟೈಪ್ ಬಿ. ಇವನ್ನು ಕೊಂಡೇ ಹಾಕಿ, ಇದರಲ್ಲಿ ಜುಗಾಡ್ ಬೇಡ.

ಹೊಸನಗರ ಅಕ್ಕ:
ಗೃಹಜ್ಯೋತಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಿಮ್ಮ ಹಳೇ ಸರಾಸರಿ, ಅದರ ಮೇಲೆ ಶೇ 10, ಅಷ್ಟೇ ಪುಕ್ಕಟೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಕಾರು ಬಂದ ಮೇಲೆ ದಾಟುವುದು ಕಷ್ಟವೇನಲ್ಲ. ಆದರೂ ಪೆಟ್ರೋಲಿಗಿಂತ ಎಷ್ಟೋ ವಾಸಿ ಬಿಡಿ.

ಕೊಟ್ಟಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಪಂಪ್ ಲೈನಿನ ಮಾತು ಬಿಟ್ಟೆ. ಗಾಡಿ 3.3ರದ್ದೇ ಅಂತೆ, ಕೇಳಿದೆ. ಒಂದು ಅನುಮಾನ. ಗಾಡಿ ಮಾರುವವರು ಅವರ ಪೋರ್ಟಬಲ್ ಚಾರ್ಜರ್ ತಂದು ಶೆಡ್ಡಿನ ಹಳೇ ಸಾಕೆಟ್ಟಿಗೆ ಹಾಕಿ ನೋಡಿದರು, ಅರ್ಥಿಂಗ್ ಇಲ್ಲ ಅಂತ ಕೆಂಪು ಲೈಟ್ ಬಂತು. ಸಾಕೆಟ್ಟಿನಲ್ಲೇ ನ್ಯೂಟ್ರಲ್‌ಗೂ ಅರ್ಥಿಗೂ ಒಂದು ತುಂಡು ವೈರ್ ಕೊಟ್ಟುಬಿಡಿ, ಹಸಿರು ಬರುತ್ತದೆ ಅಂದರು. ಮಾಡಬಹುದಾ?

ಸಾಗರದ ವೈರಿಂಗ್:
ದಯವಿಟ್ಟು ಬೇಡ! ಇದನ್ನು ಸುಮಾರು ಜನ ಮಾಡುತ್ತಾರೆ, ಅದಕ್ಕೇ ಉದ್ದ ಬರೆಯುತ್ತೇನೆ. ಆ ತುಂಡು ಹಾಕಿದರೆ ಕಾರಿನ ಬಾಡಿ ಸೀದಾ ನ್ಯೂಟ್ರಲ್‌ಗೆ ಸೇರಿದ ಹಾಗೆ. ನ್ಯೂಟ್ರಲ್ ಸರಿ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಜುಲೈನಲ್ಲಿ ಗಾಳಿಗೆ ಕೊಂಬೆ ಬಿದ್ದು ಕಂಬದ ಹತ್ತಿರ ನ್ಯೂಟ್ರಲ್ ಕಡಿಯಿತು ಅಂದುಕೊಳ್ಳಿ. ಮನೆಯಲ್ಲಿ ಫ್ರಿಜ್ಜೋ ಬಲ್ಬೋ ಆನ್ ಇದ್ದರೆ ಸಾಕು, ಅದರ ಮೂಲಕ 230 ವೋಲ್ಟ್ ಬಂದು ಕಾರಿನ ಬಾಡಿಯಲ್ಲಿ ಕೂರುತ್ತದೆ. ಒದ್ದೆ ನೆಲ, ಬರಿಗಾಲು, ಪಕ್ಕದಲ್ಲಿ ದನ. ಹಿಂದೆ ಆರ್‌ಸಿಸಿಬಿ ಇದ್ದರೆ ಆ ತುಂಡಿನಿಂದಾಗಿ ಅದು ಪದೇ ಪದೇ ಟ್ರಿಪ್ ಆಗುತ್ತದೆ, ಆಗ ಜನ ಮಾಡುವುದು ಅದನ್ನೂ ತೆಗೆದುಹಾಕುವುದು.

ಶೆಡ್ ಹತ್ತಿರವೇ ಹೊಸ ಅರ್ಥ್ ಪಿಟ್ ತೋಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಪರವಾಗಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿದಾಗ ರೆಸಿಸ್ಟೆನ್ಸ್ ಏರುತ್ತದೆ. ಅಳೆಯುವುದಾದರೆ ಆಗ ಅಳೆಯಿರಿ, ಮಳೆಯಲ್ಲಿ ಅಳೆದು ಖುಷಿಪಡಬೇಡಿ. 20 ಓಮ್ ಇದ್ದರೆ ಫೇಸ್ ಬಾಡಿಗೆ ತಾಗಿದಾಗ ಹರಿಯುವುದು ಹನ್ನೊಂದೂವರೆ ಆಂಪ್. ಕರೆಂಟ್ ಮಿತಿ ಮೀರಿದರೆ ಬೀಳುವ 16 ಆಂಪಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ! ಆರ್‌ಸಿಸಿಬಿ 30 ಮಿಲಿ ಆಂಪಿಗೇ ಬೀಳುತ್ತದೆ. ಅದಕ್ಕೇ ಎರಡೂ ಬೇಕು ಅನ್ನುವುದು.

ಬೆಸುಗೆಪ್ರಿಯ:
ಇದಕ್ಕೆ ನನ್ನದೂ ಸಹಿ. ಆಗುಂಬೆ ಕಡೆಯ ಸಿಡಿಲಿಗೆ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಸಾಧನ) ಕೂಡ ಹಾಕಿಸಿ. ಆದರೂ ಗುಡುಗು ಶುರುವಾದರೆ ಸ್ವಿಚ್ ಆರಿಸಿ, ಗನ್ ತೆಗೆದುಬಿಡಿ. ಡಬ್ಬ ದೂಳು, ನೀರು ಒಳಬಿಡದ ಐಪಿ65ರದ್ದು ಇರಲಿ, ವೈರ್ ಒಳಬರುವ ಗ್ಲ್ಯಾಂಡ್ ಕೆಳಮುಖವಾಗಿರಲಿ, ಇಲ್ಲದಿದ್ದರೆ ಒಳಗೆ ಇರುವೆ ಗೂಡು ಕಟ್ಟುತ್ತದೆ.

ಕೊಟ್ಟಿಗೆಮನೆ:
ಸರಿ, ತುಂಡು ವೈರ್ ಹಾಕುವುದಿಲ್ಲ. ಪಿಟ್, 6 ಎಂಎಂ ಆರ್ಮರ್ಡ್ ಕೇಬಲ್, ಆರ್‌ಸಿಸಿಬಿ ಈಗಲೇ. ಈ ಮಳೆಗಾಲ ಪೋರ್ಟಬಲ್ ಚಾರ್ಜರಿನಲ್ಲೇ ಕಳೆಯುತ್ತೇನೆ, ಡಬ್ಬ ದೀಪಾವಳಿ ಕಳೆದ ಮೇಲೆ. ವೈರಿಂಗ್ ಅಣ್ಣ, ಪಿಟ್ಟನ್ನು ಕೊಟ್ಟಿಗೆ ನೀರು ಹರಿದು ಹೋಗುವ ಕಡೆ ತೋಡಿಸಿದರೆ ಬೇಸಿಗೆಯಲ್ಲೂ ತೇವ ಇರುತ್ತದೆ, ಆದರೆ ಗಂಜಲಕ್ಕೆ ಜಿಐ ಪೈಪ್ ಬೇಗ ತುಕ್ಕು ಹಿಡಿಯುತ್ತದಾ?

ಸಾಗರದ ವೈರಿಂಗ್:
ಹಿಡಿಯುತ್ತದೆ. ದನ ಓಡಾಡುವ ಜಾಗವೂ ಬೇಡ. ಬಚ್ಚಲು ನೀರು ಹೋಗುವ ಕಡೆ ತೋಡಿಸಿ, ಬಾಳೆ ಬುಡದ ಹತ್ತಿರ.